ಬಣ್ಣವೋ, ಪೆಟ್ಟಿಗೆಯೋ

ಬಾಗಿಲಿನ ಅಂಚೆ ಸೀಳಿನಿಂದ ಒಂದೇ ತರಹದ ಎರಡು ಲಕೋಟೆಗಳು ಚಾಪೆಯ ಮೇಲೆ ಬಿದ್ದಾಗ ಮೊರೀನಳ ತಲೆ ಇನ್ನೂ ಒದ್ದೆಯಾಗಿತ್ತು. ಅಡುಗೆಮನೆಯ ಕುರ್ಚಿಯಲ್ಲಿ ಹೆಗಲಿಗೆ ಟವೆಲ್ ಹೊದ್ದು ಕೂತಿದ್ದಳು. ಮನೆಮನೆಗೆ ಹೋಗಿ ಕೂದಲು ಕತ್ತರಿಸುವ ಬೊಜೇನಾ ಹೋಗಿ ಅವನ್ನು ತಂದು ಮೇಜಿನ ಮೇಲಿಟ್ಟಳು.

"ಗಂಡನಿಗೊಂದು, ಹೆಂಡತಿಗೊಂದು. ಯಾರ ಮದುವೆ?"

"ಮದುವೆಯಲ್ಲ ಕಣೇ, ಮತಪತ್ರ. ಪ್ರಧಾನಿ ರಾಜೀನಾಮೆ ಕೊಟ್ಟರಲ್ಲ, ಪಕ್ಷಕ್ಕೆ ಹೊಸ ನಾಯಕ ಬೇಕು. ನಾವು ಸದಸ್ಯರು ಆರಿಸಬೇಕು. ಗೆದ್ದವನೇ ಪ್ರಧಾನಿ."

"ಇಡೀ ದೇಶ ಆರಿಸಲ್ವಾ?"

"ಇಲ್ಲ. ಸದಸ್ಯರು ಮಾತ್ರ."

ಬೊಜೇನಾಳ ಬಾಚಣಿಗೆ ನಡುದಾರಿಯಲ್ಲಿ ನಿಂತಿತು. "ಅಂದ್ರೆ ಈ ದೇಶಕ್ಕೆ ಯಾರು ಪ್ರಧಾನಿ ಅಂತ ಹೇಳೋ ತಲೆ ಈಗ ನನ್ನ ಕೈಯಲ್ಲಿದೆ! ಇರಿ, ಸ್ವಲ್ಪ ಹುಷಾರಾಗಿ ಕತ್ತರಿಸ್ತೀನಿ. ಅಲ್ಲ, ನಿಮ್ಮ ಬಾಯಲ್ಲಿ ಒಂದು ದಿನ ರಾಜಕೀಯದ ಮಾತು ಕೇಳಿಲ್ಲ ನಾನು. ಯಾವಾಗ ಸೇರಿದ್ರಿ ಪಕ್ಷಕ್ಕೆ?"

"ಹುಡುಗಿಯಾಗಿದ್ದಾಗ. ಡಾನ್ಸಿಗೆ ಅಂತ."

ಅದು ನಿಜವೇ ಆಗಿತ್ತು. ಪಕ್ಷದ ಯುವಕರ ಸಂಘ ಶನಿವಾರ ಸಂಜೆ ನಡೆಸುತ್ತಿದ್ದ ಕುಣಿತಕ್ಕೆ ಒಳ್ಳೆಯ ಮನೆಯ ಹುಡುಗರು ಬರುತ್ತಾರೆಂದು ತಾಯಿಯೇ ಅವಳನ್ನು ಸೇರಿಸಿದ್ದಳು. ಅಲ್ಲಿ ಡೆರೆಕ್ ಎಂಬ ಹುಡುಗ ಅವಳ ಕಾಲು ತುಳಿದ, ಕ್ಷಮೆ ಕೇಳಿದ, ಮತ್ತೆ ತುಳಿದ. ಮದುವೆಯಾಯಿತು. ಕುಣಿತ ನಿಂತರೂ ಸದಸ್ಯತ್ವ ನಿಲ್ಲಲಿಲ್ಲ. ಕ್ರಿಸ್‌ಮಸ್ ಕಾರ್ಡುಗಳ ಮೇಲೆ ಇಬ್ಬರ ಹೆಸರನ್ನೂ ಅವಳು ಬರೆಯುತ್ತಿದ್ದಳು, ಮತಪತ್ರಗಳೆರಡರ ಮೇಲೂ ಅವನು ಗುರುತು ಹಾಕುತ್ತಿದ್ದ. ಮನೆಯ ಕೆಲಸ ಹಾಗೆ ಹಂಚಿಹೋಗಿತ್ತು.

"ಈಗ ಯಾರಿಗೆ ಹಾಕ್ತೀರಿ?" ಬೊಜೇನಾ ಕೇಳಿದಳು.

"ಇಬ್ಬರು ನಿಂತಿದ್ದಾರೆ. ಇಬ್ಬರೂ ಐರೋಪ್ಯ ಒಕ್ಕೂಟ ಬಿಡೋದೇ ಸೈ ಅಂತಾರೆ. ಒಬ್ಬ ಕೂಗಿ ಹೇಳ್ತಾನೆ, ಇನ್ನೊಬ್ಬ ಕೆಮ್ಮಿ ಹೇಳ್ತಾನೆ."

"ಪೋಲೆಂಡಿನಿಂದ ಬಂದ ನಮ್ಮಂಥವರ ವಿಷಯ ಏನಂತಾರೆ?"

ಮೊರೀನ್ ಲಕೋಟೆ ಒಡೆದು, ಒಳಗಿದ್ದ ಇಬ್ಬರ ಭರವಸೆಗಳ ಹಾಳೆಯ ಮೇಲೆ ಬೆರಳಾಡಿಸಿದಳು. "ತೆರಿಗೆ ಇದೆ... ರಸ್ತೆ ಇದೆ... ಮೀನು ಇದೆ."

"ಮೀನಿಗೆ ಜಾಗ ಸಿಕ್ತಲ್ಲ, ಪುಣ್ಯ ಮಾಡಿತ್ತು!" ಬೊಜೇನಾ ನಕ್ಕಳು. ಕತ್ತರಿ ಮತ್ತೆ ಆಡತೊಡಗಿತು. "ನನ್ನ ಗಂಡ ಮಾರೆಕ್ ಮನೆಯ ಮುಂದಿನ ಕೋಣೆಯ ಹಳೆ ಬಣ್ಣ ಕೆರೆದು ಹಾಕಿದ. ಆಗಲೇ ನೀವೆಲ್ಲ ಒಕ್ಕೂಟ ಬಿಡ್ತೀವಿ ಅಂತ ಮತ ಹಾಕಿದ್ರಿ. ಮೂರು ವರ್ಷ ಆಯ್ತು, ಗೋಡೆ ಹಾಗೇ ನಿಂತಿದೆ. ದಿನಾ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ ಅವನದು. ಬಣ್ಣ ಹೊಡೆಯೋಣವಾ, ಪೋಲೆಂಡಿಗೆ ಪೆಟ್ಟಿಗೆ ಕಟ್ಟೋಣವಾ? ಒಕ್ಕೂಟದ ಜೊತೆ ಮಾತುಕತೆ ಮುಗೀಲಿ, ನಮ್ಮನ್ನ ಇಲ್ಲಿ ಇಟ್ಕೋತಾರೋ ಇಲ್ವೋ ಗೊತ್ತಾಗ್ಲಿ ಅಂತೀನಿ. ಮಾತುಕತೆ ಮುಗಿಯೋ ಮೊದಲು ಮಾತಾಡೋರೇ ಬದಲಾಗಿಬಿಟ್ರು."

ಇಷ್ಟು ವರ್ಷ ತನ್ನ ತಲೆಯನ್ನು ಹಿಡಿದು ಅತ್ತಿತ್ತ ತಿರುಗಿಸಿದ ಈ ಕೈಗಳು ಮನೆಗೆ ಹೋಗಿ ಎಂಥ ಗೋಡೆಯನ್ನು ನೋಡುತ್ತವೆ ಎಂದು ಮೊರೀನ್ ಒಮ್ಮೆಯೂ ಯೋಚಿಸಿರಲಿಲ್ಲ. ಯಾವ ಬಣ್ಣ ಹೊಡೆಯಬೇಕೆಂದಿದ್ದರೋ! ಕೇಳಬೇಕೆನ್ನುವಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಡೆರೆಕ್ ಬಂದ. ಬೂಟಿನ ತುಂಬ ಆಗತಾನೇ ಕತ್ತರಿಸಿದ ಹುಲ್ಲು. ನಿಂತಂತೆಯೇ ತನ್ನ ಲಕೋಟೆ ಒಡೆದು ಗುರುತು ಹಾಕಿದ, ಅವಳದ್ದಕ್ಕೂ ಕೈಚಾಚಿದ.

"ನಿಂದೂ ಮುಗಿಸಿಬಿಡ್ತೀನಿ ಚಿನ್ನ. ನಿನ್ನ ಕೈ ಒದ್ದೆ."

ಟವೆಲಿನ ಒಳಗಿಂದ ಮೊರೀನಳ ಕೈ ಹೊರಬಂದು ಕಾಗದದ ಮೇಲೆ ಕೂತಿತು. "ಇದು ಇರಲಿ ಬಿಡು, ಡೆರೆಕ್."

"ಯಾಕೆ? ಯಾರಿಗೆ ಹಾಕಬೇಕು ಅಂತ ನಿನಗೆ ಗೊತ್ತಾ?"

"ಗೊತ್ತಿಲ್ಲ. ಅದಕ್ಕೇ."

ಡೆರೆಕ್ ಹೋಗಿ ಚಹಾಕ್ಕೆ ನೀರಿಟ್ಟ. ಬೊಜೇನಾ ಏನೂ ಕೇಳಿಸದವಳ ಹಾಗೆ ಮೊರೀನಳ ಕೈಗೊಂದು ಕನ್ನಡಿ ಕೊಟ್ಟು, ತಲೆಯ ಹಿಂದೆ ಇನ್ನೊಂದನ್ನು ಹಿಡಿದಳು. "ಹೇಗಿದೆ?"

ಪ್ರತಿ ಸಲವೂ ಈ ಕನ್ನಡಿ ಬಂದಾಗ ಮೊರೀನ್ ನೋಡದೆಯೇ "ಬಹಳ ಚೆನ್ನಾಗಿದೆ" ಎನ್ನುತ್ತಿದ್ದಳು. ಬೊಜೇನಾ ಹೋದ ಮೇಲೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಉಗುರಿನ ಕತ್ತರಿಯಿಂದ ತಾನೇ ಸರಿಪಡಿಸಿಕೊಳ್ಳುತ್ತಿದ್ದಳು. ಇಂದು ಕತ್ತು ಹೊರಳಿಸಿ ನೋಡಿದಳು. ತನ್ನ ತಲೆಯ ಹಿಂಭಾಗ ಯಾರೋ ಅಪರಿಚಿತಳದ್ದರಂತಿತ್ತು.

"ಎಡಗಡೆ ಉದ್ದ ಉಳಿದಿದೆ, ಬೊಜೇನಾ."

"ಅಬ್ಬಾ, ಅಂತೂ ಹೇಳಿದ್ರಿ!" ಬೊಜೇನಾ ಕತ್ತರಿ ಎತ್ತಿಕೊಂಡಳು. "ಪ್ರತಿ ಸಲ ನಾನು ಬಂದಾಗ ಎಡಗಡೆ ಇಲಿ ಕಡಿದ ಹಾಗಿರ್ತಿತ್ತು. ನಾನಾಗಿ ಹೇಗೆ ಕೇಳಲಿ?"

ಕೂದಲು ಸಮವಾಯಿತು. ಮೊರೀನ್ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಪೆನ್ನು ತೆಗೆದುಕೊಂಡಳು. ಎರಡು ಹೆಸರುಗಳನ್ನೂ ಓದಿದಳು. ಯಾವ ಚೌಕಕ್ಕೂ ಗುರುತು ಹಾಕಲಿಲ್ಲ. ಅವುಗಳ ಮೇಲೆಯೇ, ಕ್ರಿಸ್‌ಮಸ್ ಕಾರ್ಡಿನ ತನ್ನ ದುಂಡನೆಯ ಅಕ್ಷರಗಳಲ್ಲಿ, ಈ ತುದಿಯಿಂದ ಆ ತುದಿಗೆ ಒಂದು ಸಾಲು ಬರೆದಳು.

ಡೆರೆಕ್ ಚಹಾದ ಲೋಟ ಹಿಡಿದು ಬಗ್ಗಿ ಓದಿದ. "ಬೊಜೇನಾ ತನ್ನ ಮನೆಗೆ ಬಣ್ಣ ಹೊಡೆಸಬಹುದೇ?"

ಬೊಜೇನಾ ನೆಲದ ಕೂದಲು ಗುಡಿಸುವುದನ್ನು ನಿಲ್ಲಿಸಿದಳು.

"ಮೊರೀನ್! ಹೀಗೆ ಬರೆದ್ರೆ ಮತ ಹಾಳಾಗುತ್ತೆ. ಎಣಿಸೋರು ತೆಗೆದು ಆಚೆ ಹಾಕ್ತಾರೆ."

ಮೊರೀನ್ ಲಕೋಟೆಯ ಅಂಚನ್ನು ನಾಲಗೆಯಿಂದ ಒದ್ದೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಅಂಟಿಸಿದಳು.

"ಆಚೆ ಹಾಕೋಕಾದ್ರೂ ಒಬ್ಬರು ಓದಬೇಕಲ್ಲ," ಎಂದಳು.