ಇಬ್ಬರಿದ್ದರೆ ಬೆಳಕು

ಮನೆಮನೆಗೂ ಉಳಿತಾಯದ ಬಲ್ಬು ಬಂದ ಮೇಲೆ ಕಾತ್ಯಾಯನಮ್ಮನವರಿಗೆ ನೆಮ್ಮದಿಯಾಗಿ ಧಾರಾವಾಹಿ ನೋಡುವ ಯೋಗವೇ ತಪ್ಪಿತ್ತು. ಕೋಣೆಯಲ್ಲಿ ಇಬ್ಬರಿದ್ದರೆ ಮಾತ್ರ ಹೊತ್ತಿಕೊಳ್ಳುವ ಬಲ್ಬು ಅದು; ಒಬ್ಬರಿಗಾಗಿ ಕರೆಂಟು ದಂಡ ಮಾಡುವುದಿಲ್ಲ. ಎದುರುಮನೆಯವರು ಬೆಕ್ಕನ್ನು ಎತ್ತಿಕೊಂಡು ಹೋಗಿ ನೋಡಿದರು. ಬಲ್ಬು ಜಪ್ಪಯ್ಯ ಅಂದರೂ ಹೊತ್ತಿಕೊಳ್ಳಲಿಲ್ಲ. ಮಗ ಕೆಲಸದಿಂದ ಬರುವುದು ತಡ, ಹಾಗಾಗಿ ಸಂಜೆ ಸೊಸೆ ವಿನುತಾ ಅಡುಗೆಮನೆಗೆ ಹೋದಾಗಲೆಲ್ಲ ಇವರೂ ಹಿಂದೆಯೇ ಹೋಗಿ ಸ್ಟೂಲಿನ ಮೇಲೆ ಕೂರಬೇಕು.

ಅಂದು ಧಾರಾವಾಹಿಯಲ್ಲಿ, ಚಿಕ್ಕಂದಿನಲ್ಲೇ ಕಳೆದುಹೋಗಿದ್ದ ಮಗಳು ಇನ್ನೇನು ತಾಯಿಯ ಮನೆ ಬಾಗಿಲು ತಟ್ಟಬೇಕು, ಆಗಲೇ ವಿನುತಾ ಕರೆದಳು.

“ಅತ್ತೆ, ಸಾರಿಗೆ ಒಗ್ಗರಣೆ ಹಾಕ್ಬೇಕು, ಸ್ವಲ್ಪ ಬರ್ತೀರಾ?”

ಕಾತ್ಯಾಯನಮ್ಮ ಗೊಣಗುತ್ತ ಏಳುವಷ್ಟರಲ್ಲಿ, “ಬೇಡ ಬಿಡಿ, ಲೈಟ್ ಬಂತು,” ಎಂದಳು.

“ಯಾರಿದ್ದಾರೆ ಅಲ್ಲಿ?”

“ಯಾರೂ ಇಲ್ಲ ಅತ್ತೆ. ಬಲ್ಬು ಕೆಟ್ಟಿರ್ಬೇಕು.”

“ಕೆಟ್ಟ ಬಲ್ಬು ಉರಿಯುತ್ತೇನೆ? ಎಲ್ಲಿ, ಬಚ್ಚಲುಮನೆಗೆ ಹೋಗು ನೋಡೋಣ.”

ಅಲ್ಲೂ ಹೊತ್ತಿಕೊಂಡಿತು. ಮಲಗುವ ಕೋಣೆಗೆ ಹೋದಳು, ಅಲ್ಲೂ ಬೆಳಕು. ಬೆಳಿಗ್ಗೆ ಕಾಫಿಯ ವಾಸನೆಗೇ ಸೊಸೆ ಮುಖ ಸಿಂಡರಿಸಿ ಲೋಟ ಪಕ್ಕಕ್ಕೆ ಸರಿಸಿದ್ದು ಕಾತ್ಯಾಯನಮ್ಮನವರಿಗೆ ಈಗ ನೆನಪಾಯಿತು. ಧಾರಾವಾಹಿಯ ಮಗಳನ್ನು ಬಾಗಿಲಲ್ಲೇ ಬಿಟ್ಟು ಟಿವಿ ಆರಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ಬಂದರು.

“ಒಗ್ಗರಣೆ ನಾನು ಹಾಕ್ತೀನಿ. ನೀನು ಹೋಗಿ ಸೋಫಾ ಮೇಲೆ ಕೂತ್ಕೋ.”

ವಿನುತಾ ಏನೂ ತಿಳಿಯದೆ ಹೊರಗೆ ಹೋದದ್ದೇ ತಡ, ಅಡುಗೆಮನೆ ಕತ್ತಲಾಯಿತು. ಕತ್ತಲಲ್ಲೇ ಸಾಸಿವೆ ಡಬ್ಬಿ ತಡಕುತ್ತ ಕಾತ್ಯಾಯನಮ್ಮ ಕೂಗಿದರು.

“ಅಲ್ಲಿ ಬೇಡ ಕಣೆ. ಇಬ್ಬರೂ ಇಲ್ಲೇ ಬಂದು ಕೂತ್ಕೊಳ್ಳಿ.”