ನಿಂತುಹೋದ ಹೃದಯದ ಪಾಠ

ಪರದೆಯ ಮೇಲೆ ಕುಣಿಯುತ್ತಿದ್ದ ಕೆಂಪು ಹೃದಯ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಕಣ್ಣು, ಬಾಯಿ, ಪುಟ್ಟ ಕೈಕಾಲು ಎಲ್ಲ ಇದ್ದ ಕಾರ್ಟೂನ್ ಹೃದಯ ಅದು. "ನಾನು ದಣಿಯೋದೇ ಇಲ್ಲ" ಅನ್ನಲು ಹೊರಟದ್ದು "ನಾನು ದಣಿ..." ಎಂದು ಬಾಯಿ ತೆರೆದುಕೊಂಡೇ ಉಳಿಯಿತು. ನಡುವೆ ಬಿಳಿ ಚಕ್ರವೊಂದು ಸುತ್ತತೊಡಗಿತು. ಹಾಳಾದ್ದು, ಇವತ್ತೇ ಆಗಬೇಕೇ! ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್ಟ್ರೆಸ್ ಕೂತಿದ್ದಾರೆ. ಈ ವಿಡಿಯೊ ಪಾಠ ಅವರಿಗೆ ಹಿಡಿಸಿದರೆ ಟೀಚರ್ ಕೆಲಸ ಕಾಯಂ, ಇಲ್ಲದಿದ್ದರೆ ಮನೆ.

ಮೊದಲ ಸಾಲಿನಿಂದ ಒಬ್ಬಳು ಎದ್ದು ಬಂದು ಪರದೆ ತಟ್ಟಲು ಕೈ ಎತ್ತಿದಳು. ಬೇರೆ ಯಾರೂ ಅಲ್ಲ, ಟೀಚರ್ ಮಗಳೇ. ಮನೆಯಲ್ಲಿ ಅಮ್ಮ, ಶಾಲೆಯಲ್ಲಿ ಮಿಸ್ ಎಂಬುದು ಇಬ್ಬರ ಒಪ್ಪಂದ. ಹುಡುಗಿ ಒಮ್ಮೆಯೂ ತಪ್ಪಿದವಳಲ್ಲ.

"ಮುಟ್ಬೇಡ!"

"ನಿಂತೋಯ್ತಲ್ಲ ಮಿಸ್?"

"ನಿಂತ್ರೆ ನಿಲ್ಲಲಿ. ಮುಟ್ಟಿದ್ರೆ ಪೂರ್ತಿ ಕೆಟ್ಟೋಗುತ್ತೆ. ಕೈ ಕಟ್ಕೊಂಡು ಸುಮ್ನೆ ಕೂತ್ಕೋ. ತಾನಾಗೇ ಶುರುವಾಗುತ್ತೆ."

ಮಗಳು ಕೈಕಟ್ಟಿ ಕೂತಳು. ಸ್ವಲ್ಪ ಹೊತ್ತಿಗೆ ಹೃದಯ "...ಯೋದೇ ಇಲ್ಲ!" ಎಂದು ಮತ್ತೆ ಕುಣಿಯಿತು. ತರಗತಿಯೆಲ್ಲ ಚಪ್ಪಾಳೆ. ಮಗಳು ಮಾತ್ರ ಕಣ್ಣರಳಿಸಿ ಮಿಸ್ ಮುಖವನ್ನೇ ನೋಡುತ್ತಿದ್ದಳು.

ಶಾಲೆ ಬಿಟ್ಟ ಮೇಲೆ ಮಗಳು ವ್ಯಾನಿನಲ್ಲಿ ಮನೆಗೆ ಹೋದಳು. ಟೀಚರ್ ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಸಿಕ್ಕಿಕೊಂಡಳು. 'ಮಗು ಬಂತು ಕಣೇ' ಎಂದು ದಿನಾ ಮನೆಯಿಂದ ಫೋನ್ ಮಾಡುವುದು ಅವಳ ತಾಯಿ. ಇವತ್ತು ಫೋನಿಲ್ಲ. ಇವಳೇ ಮಾಡಿದರೆ ಎತ್ತುವವರಿಲ್ಲ.

"ಏನಮ್ಮಾ, ಮುಳ್ಳಿನ ಮೇಲೆ ಕೂತ ಹಾಗಾಡ್ತೀಯ?"

"ಮನೇಲಿ ಯಾರೂ ಫೋನ್ ಎತ್ತುತ್ತಿಲ್ಲ ಮೇಡಂ."

"ಅಜ್ಜಿ ಮೊಮ್ಮಗಳು ಮಲಗಿರ್ತಾರೆ ಬಿಡು. ನಿನ್ನ ಪಾಠ ಚೆನ್ನಾಗಿತ್ತು. ಅದನ್ನೇ ಹೇಳೋಣ ಅಂತ ಕೂರಿಸಿದ್ದು."

ಬಯಸಿ ಬಯಸಿ ಕಾದಿದ್ದ ಮಾತು. ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ಆದರೂ ಎದ್ದುಬರುವ ಧೈರ್ಯವಾಗದೆ ಮತ್ತೂ ಸ್ವಲ್ಪ ಹೊತ್ತು ಕೂತಳು. ಆಮೇಲೆ ದಾರಿಯುದ್ದಕ್ಕೂ ತನ್ನನ್ನೇ ಶಪಿಸಿಕೊಂಡಳು. ಆಟೊದಲ್ಲಿ ಕೂತು ಫೋನ್ ಮಾಡಿದಳು, ಇಳಿದು ಓಡುತ್ತ ಮಾಡಿದಳು. ಮೆಟ್ಟಿಲು ಹತ್ತುವಾಗ ಒಳಗೆ ಫೋನ್ ಬಡಿದುಕೊಳ್ಳುವುದು ಕೇಳಿಸಿತು.

ಬಾಗಿಲು ಬರೀ ಮುಂದೆ ಮಾಡಿತ್ತು. ಒಳಗೆ ಕುರ್ಚಿಯಲ್ಲಿ ಅವಳ ತಾಯಿ ಒಂದು ಕಡೆ ವಾಲಿದ್ದರು. ಕಣ್ಣು ಗೋಡೆಯಲ್ಲಿ ನೆಟ್ಟಿತ್ತು, ಬಾಯಿ ಅರ್ಧ ತೆರೆದಿತ್ತು. ಎದುರಿಗೆ ನೆಲದ ಮೇಲೆ ಮಗಳು, ಇನ್ನೂ ಯೂನಿಫಾರಂನಲ್ಲೇ. ಮೊಣಕಾಲ ಪಕ್ಕದಲ್ಲೇ ಫೋನ್ ಹೊಡೆದುಕೊಳ್ಳುತ್ತಿದ್ದರೂ ಎತ್ತಿರಲಿಲ್ಲ. ಕೈ ಕಟ್ಟಿಕೊಂಡಿದ್ದಳಲ್ಲ.

"ಅಮ್ಮಾ!" ಎಂದು ಟೀಚರ್ ಕುರ್ಚಿಯತ್ತ ನುಗ್ಗಿದಳು. ಮಗಳು ಕಟ್ಟಿದ ಕೈ ಬಿಡಿಸದೆಯೇ ಎದ್ದು ಅಡ್ಡ ನಿಂತಳು. ಅತ್ತೂ ಅತ್ತೂ ಮುಖ ಊದಿತ್ತು.

"ಮುಟ್ಬೇಡಿ ಮಿಸ್! ತಾನಾಗೇ ಶುರುವಾಗುತ್ತೆ."