ಹೊಲದ ಗೊರಕೆ

ಹೆಣ್ಣು ಕೊಡುವ ಮೊದಲು ನೀಲವ್ವನ ಅಪ್ಪ ಕೇಳಿದ್ದು ಒಂದೇ ಮಾತು: "ನಿಮ್ಮ ಹೊಲ ಮಧ್ಯಾಹ್ನ ಗೊರಕಿ ಹೊಡೀತೈತೇನು?" ಹೊಡೆಯುತ್ತದೆ ಎಂದು ಮದುಮಗ ದ್ಯಾಮಣ್ಣ ಎದೆಯುಬ್ಬಿಸಿ ಹೇಳಿದ್ದ. ಮಣ್ಣು ಚೆನ್ನಾಗಿರುವ ಹೊಲಗಳೆಲ್ಲ ಹೊಡೆಯುತ್ತವೆ.

ಮದುವೆಯಾಗಿ ನೀಲವ್ವ ಮೊದಲ ಸಲ ಹೊಲಕ್ಕೆ ಬಂದಾಗ, ನೆಲಕ್ಕೆ ಕಿವಿಯಿಟ್ಟರೂ ಸದ್ದಿಲ್ಲ.

"ಏನ್ ಮಾಡೀರಿ ಇದಕ್ಕ?"

"ನೀ ಬರ್ತಿ ಅಂತ ಸ್ವಚ್ಛ ಮಾಡೀನಿ. ಜೋಳದ ಕೂಳಿ, ಒಣಗಿದ ಎಲಿ, ಎಲ್ಲಾ ಗುಡಿಸಿ ಸುಟ್ಟೆ," ಎಂದ ದ್ಯಾಮಣ್ಣ.

ನೀಲವ್ವನಿಗೆ ಸಿಟ್ಟು ಬಂತು, ನಗುವೂ ಬಂತು. "ನಿಮ್ಮ ಕೌದಿ ಕಸಗೊಂಡ್ರ ನಿಮಗ ನಿದ್ದಿ ಹತ್ತತೈತೇನು? ನಾಳೆ ನಮ್ಮಪ್ಪ ಗೊರಕಿ ಕೇಳಾಕ ಬರ್ತಾನ."

ಇಬ್ಬರೂ ಹಿತ್ತಲಿನಿಂದ ಶೇಂಗಾ ಹೊಟ್ಟು, ಬೇವಿನೆಲೆ ಹೊತ್ತು ತಂದು ಹೊಲದ ಒಂದು ಮೂಲೆಗೆ ಹೊದಿಸಿದರು. ಮಗುವಿಗೆ ಹೊದಿಸುವಂತೆ ನೀಲವ್ವ ಅಂಚನ್ನೆಲ್ಲ ಒತ್ತಿ ಸರಿಮಾಡಿದಳು. ಆಮೇಲೆ ದಣಿದು ಬದುವಿನ ಮೇಲೆಯೇ ಅಡ್ಡಾದಳು.

ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ದ್ಯಾಮಣ್ಣ ಖುಷಿಯಿಂದ ನೆಲಕ್ಕೆ ಕಿವಿಯಿಟ್ಟ. ಹೊಲದ್ದಲ್ಲ, ಹೆಂಡತಿಯದು. ಅದನ್ನು ಕೇಳುತ್ತ ಕೇಳುತ್ತ, ಹೊದ್ದ ಮೂಲೆಯಲ್ಲಿ ಹೊಲವೂ ಮೆಲ್ಲಗೆ ಶುರು ಮಾಡಿತು.

ಇಬ್ಬರಿಗೂ ಎಚ್ಚರವಾಗಬಾರದೆಂದು ಅವನು ಚಪ್ಪಲಿ ಕೈಯಲ್ಲಿ ಹಿಡಿದು, ಇನ್ನೊಂದು ಬುಟ್ಟಿ ಹೊಟ್ಟು ತರಲು ಹೋದ.